ಸಾಲ್ಮನ್‌ಗೆ ಸೆಡ್ಡು ಹೊಡೆದ ಪೆರುವೋಳು

ಸೋದರಳಿಯನೊಬ್ಬ ಮಿಷಿಗನ್‌ನಲ್ಲಿದ್ದಾನೆ. ಕಳೆದ ಸೆಪ್ಟೆಂಬರಿನಲ್ಲಿ ಅವನಿಂದ ವಾಟ್ಸಪ್ಪಿಗೆ ಒಂದು ಫೋಟೊ ಬಂತು. ದೋಣಿಯಲ್ಲಿ ನಿಂತು, ಎಳೆಮಗುವನ್ನು ಎತ್ತಿಕೊಂಡ ಹಾಗೆ ಎರಡೂ ತೋಳಿನಲ್ಲಿ ಒಂದು ಬೆಳ್ಳಿಬಣ್ಣದ ಮೀನನ್ನು ಹಿಡಿದು ನಗುತ್ತಿದ್ದಾನೆ. ಹಿಂದೆ ಆಚೆ ದಡವೇ ಕಾಣದ ನೀರು. ಸಮುದ್ರವಲ್ಲವಂತೆ, ಸರೋವರ. ಮೀನು ಸಾಲ್ಮನ್. ಕೆಳಗೊಂದು ಪ್ರಶ್ನೆ: ‘ಮಾವ, ನಮ್ಮ ಕುಮಾರಧಾರೆಯಲ್ಲಿ ಹೀಗೆ ಹಿಡೀಲಿಕ್ಕೆ ಆಗುದಿಲ್ವಾ?’

‘ಆಗುದಿಲ್ಲ ಮಾರಾಯ’ ಎಂದು ಬರೆದು ಫೋನು ಕೆಳಗಿಟ್ಟೆ. ಉತ್ತರ ತಪ್ಪಲ್ಲ, ಆದರೆ ಅರ್ಧ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವನು ಮೀನು ಹಿಡಿದ ಬಗೆಗೆ ಟ್ರೋಲಿಂಗ್ ಎನ್ನುತ್ತಾರೆ. ಮಂಗಳೂರು ಧಕ್ಕೆಯ ಟ್ರಾಲ್ ಬೋಟಿಗೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಎಳೆಯುವುದು ಬಲೆ, ಇಲ್ಲಿ ಎಳೆಯುವುದು ಗಾಳ. (ಟಿ.ವಿ.ಯವರು ದಿನಬೆಳಗಾದರೆ ಹೇಳುವ ‘ಟ್ರೋಲ್’ ಎಂಬ ಮಾತಿಗೂ ಈ ಗಾಳಕ್ಕೂ ನಂಟಿದೆ ಎನ್ನುವವರುಂಟು. ಎರಡರಲ್ಲೂ ಯಾರಾದರೂ ಕಚ್ಚಲಿ ಎಂದೇ ಕಾಯುವುದು.) ನಮ್ಮ ಕಡೆ ಗಾಳ ಹಾಕುವವನು ಹೊಳೆಬದಿಯ ಕಲ್ಲಿನ ಮೇಲೆ ಎರೆಹುಳು ಸಿಕ್ಕಿಸಿ ಕೂತುಬಿಡುತ್ತಾನೆ. ಟ್ರೋಲಿಂಗಿನಲ್ಲಿ ಕೂರುವುದಿಲ್ಲ. ದೋಣಿ ಗಂಟೆಗೆ ಮೂರರಿಂದ ಐದು ಕಿಲೋಮೀಟರ್ ವೇಗದಲ್ಲಿ, ಅಂದರೆ ನಾವು ನಡೆಯುವಷ್ಟು ನಿಧಾನಕ್ಕೆ, ಸಾಗುತ್ತಲೇ ಇರುತ್ತದೆ. ಹಿಂದೆ ಐದಾರು ದಾರಗಳ ತುದಿಯಲ್ಲಿ ಚಮಚದ ಆಕಾರದ ತಗಡುಗಳು ಮಿನುಗುತ್ತ, ಗಾಯಗೊಂಡ ಸಣ್ಣ ಮೀನಿನ ಹಾಗೆ ಓಲಾಡುತ್ತ ಬರುತ್ತವೆ. ದೊಡ್ಡ ಮೀನು ಮೋಸಹೋಗುವುದು ಆ ಓಲಾಟಕ್ಕೆ.

ಜಾಣತನ ಇರುವುದು ಆಳವನ್ನು ಅಂದಾಜು ಮಾಡುವುದರಲ್ಲಿ. ಬೇಸಿಗೆಯಲ್ಲಿ ದೊಡ್ಡ ಸರೋವರದ ಮೇಲ್ನೀರು ಬೆಚ್ಚಗಾಗಿ, ತಳದ ತಣ್ಣೀರಿನ ಜೊತೆ ಬೆರೆಯದೆ ಹೊದಿಕೆಯ ಹಾಗೆ ಮೇಲೇ ನಿಲ್ಲುತ್ತದೆ. ಸಾಲ್ಮನ್ನಿಗೂ ಟ್ರೌಟಿಗೂ ಹಿತವಾದದ್ದು ಸುಮಾರು 10ರಿಂದ 13 ಡಿಗ್ರಿ ಸೆಲ್ಸಿಯಸ್‌ನ ನೀರು. ಅದನ್ನು ಹುಡುಕಿಕೊಂಡು ಅವು ಕೆಳಗಿಳಿಯುತ್ತವೆ, ಗಾಳವೂ ಅಲ್ಲಿಗೇ ಇಳಿಯಬೇಕು. ಅದಕ್ಕಾಗಿ ನಾಲ್ಕೈದು ಕಿಲೋ ತೂಕದ ಸೀಸದ ಗುಂಡನ್ನು ಉಕ್ಕಿನ ತಂತಿಗೆ ಕಟ್ಟಿ ಇಳಿಬಿಟ್ಟು, ಗಾಳದ ದಾರವನ್ನು ಅದಕ್ಕೆ ಕ್ಲಿಪ್ಪಿನಿಂದ ಸಿಕ್ಕಿಸುತ್ತಾರೆ. ಮೀನು ಕಚ್ಚಿ ಎಳೆದೊಡನೆ ಕ್ಲಿಪ್ಪು ಬಿಟ್ಟುಕೊಂಡು, ಉಳಿದದ್ದು ಮೀನಿಗೂ ಮನುಷ್ಯನಿಗೂ ನಡುವಿನ ಜಗ್ಗಾಟ. ಮಿಷಿಗನ್ ಸರೋವರದ ವಿಸ್ತಾರ ಸುಮಾರು 58,000 ಚದರ ಕಿಲೋಮೀಟರ್. ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಹನ್ನೆರಡರಷ್ಟು. ಅತ್ಯಂತ ಆಳವಿರುವಲ್ಲಿ 281 ಮೀಟರ್. ಪುತ್ತೂರಿನವರಿಗೆ ಕೆರೆ ಅಂದರೆ ಮಹಾಲಿಂಗೇಶ್ವರ ದೇವಸ್ಥಾನದ, ಮುತ್ತಿನ ಕತೆಯ ಕೆರೆ. ಅದರಲ್ಲಿ ತೆಪ್ಪೋತ್ಸವ ಮಾಡಬಹುದು, ಟ್ರೋಲಿಂಗ್ ಅಲ್ಲ.

ಅಳಿಯನಿಗೆ ಗೊತ್ತಿರಲಿಕ್ಕಿಲ್ಲ, ಆ ಸಾಲ್ಮನ್ ಕೂಡ ಆ ಸರೋವರದ್ದಲ್ಲ. ಅಲ್ಲಿಯ ಹುಟ್ಟುಮೀನು ಲೇಕ್ ಟ್ರೌಟ್. ಹಡಗುಗಳಿಗಾಗಿ ತೋಡಿದ ಕಾಲುವೆಯ ದಾರಿಯಲ್ಲಿ ಸಮುದ್ರದ ಲ್ಯಾಂಪ್ರಿ ಎಂಬ, ಮೈಗಂಟಿ ರಕ್ತ ಹೀರುವ ಜೀವಿ ಒಳಹೊಕ್ಕಿತು. ಅದರ ಕಾಟವೂ ಮನುಷ್ಯರ ಅತಿಯಾಸೆಯೂ ಸೇರಿ ಟ್ರೌಟ್ ನೆಲಕಚ್ಚಿತು. ತಿನ್ನುವವರೇ ಇಲ್ಲವಾದಾಗ ಏಲ್‌ವೈಫ್ ಎಂಬ ಸಣ್ಣ ಮೀನು ಮಿತಿಮೀರಿ ಹೆಚ್ಚಿ, 1967ರ ಬೇಸಿಗೆಯಲ್ಲಿ ಸತ್ತು ದಡಕ್ಕೆ ಬಿದ್ದ ರಾಶಿಯನ್ನು ಬುಲ್ಡೋಜರಿನಿಂದ ಬಳಿಯಬೇಕಾಯಿತು. ಅದರ ಹಿಂದಿನ ವರ್ಷವೇ ಹೊವಾರ್ಡ್ ಟ್ಯಾನರ್ ಎಂಬ ಮೀನುಗಾರಿಕೆ ಅಧಿಕಾರಿ ಪೆಸಿಫಿಕ್ ಕಡಲಿನ ಕಡೆಯ ಕೋಹೋ ಸಾಲ್ಮನ್ನಿನ ಮೊಟ್ಟೆ ತರಿಸಿ, ಮರಿ ಮಾಡಿಸಿ ಮಿಷಿಗನ್ನಿನ ಹೊಳೆಗಳಿಗೆ ಬಿಡಿಸಿದ್ದರು. ಮರಿಗಳು ಏಲ್‌ವೈಫ್ ತಿಂದು ಕೊಬ್ಬಿದವು, ಊರೂರಿನಲ್ಲಿ ಟ್ರೋಲಿಂಗ್ ದೋಣಿಗಳೆದ್ದವು, ಕೋಟಿಗಟ್ಟಲೆ ಡಾಲರಿನ ವ್ಯವಹಾರವಾಯಿತು. ಪಕ್ಕದ ಹ್ಯೂರಾನ್ ಸರೋವರದಲ್ಲಿ 2003-04ರ ಸುಮಾರಿಗೆ ಏಲ್‌ವೈಫ್ ಮುಗಿದುಹೋದಾಗ ಚಿನೂಕ್ ಸಾಲ್ಮನ್ನೂ ಹಿಂದೆಯೇ ಕುಸಿಯಿತು. ಬಿತ್ತಿ ಬೆಳೆದ ಬೇಟೆ ಅದು, ತೋಟಗಾರಿಕೆಯ ಹಾಗೆ. ರೋಗ ಬಂದರೆ ತೋಟವೇ ಹೋಗುತ್ತದೆ.

ನಮ್ಮ ದೇಶದಲ್ಲೂ ಬ್ರಿಟಿಷರು ಟ್ರೌಟ್ ತಂದು ಬಿಟ್ಟಿದ್ದಾರೆ. ನೀಲಗಿರಿಯಲ್ಲಿ 1860ರ ದಶಕದಿಂದಲೇ ಪ್ರಯತ್ನ ನಡೆದು, ಅವಲಾಂಚಿಯಲ್ಲಿ ಮರಿ ಮಾಡುವ ಕೇಂದ್ರವೂ ಆಯಿತು. ಮುನ್ನಾರಿನ ಎತ್ತರದ ತೊರೆಗಳಲ್ಲಿ, ಕಾಶ್ಮೀರದಲ್ಲಿ ಇಂದಿಗೂ ಟ್ರೌಟ್ ಇದೆ. ಆದರೆ ಅವೆಲ್ಲ ಸ್ವೆಟರು ಬೇಕಾಗುವ ಊರುಗಳು. ಸುಳ್ಯದ ಪಯಸ್ವಿನಿಯಲ್ಲಿ ಏಪ್ರಿಲ್ ತಿಂಗಳು ಕಾಲಿಟ್ಟು ನೋಡಿದವರಿಗೆ ಟ್ರೌಟ್ ಇಲ್ಲಿ ಏಕೆ ಬದುಕದು ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಸಾಲ್ಮನ್ನಿನ ಜೊತೆ ಕುಸ್ತಿಗೆ ನಿಲ್ಲುವ ಮೀನು ನಮ್ಮ ಹೊಳೆಯಲ್ಲಿ ಇಲ್ಲವೇ? ಇದೆ. ಅದನ್ನು ಜಗತ್ತಿಗೆ ಸಾರಿದ ಪುಸ್ತಕವೂ ನಮ್ಮ ಜಿಲ್ಲೆಯಲ್ಲೇ ಹುಟ್ಟಿದ್ದು. ಹೆನ್ರಿ ಸಲ್ಲಿವನ್ ಥಾಮಸ್ ಮದರಾಸು ಸರಕಾರದ ಸಿವಿಲ್ ಅಧಿಕಾರಿ, ಸೌತ್ ಕೆನರಾದ ಕಲೆಕ್ಟರ್ ಆಗಿದ್ದವರು. ಆಗ ಪುತ್ತೂರು, ಸುಳ್ಯ, ಕಡಬ ಎಲ್ಲವೂ ಉಪ್ಪಿನಂಗಡಿ ತಾಲ್ಲೂಕಿನೊಳಗೆ. ಕಡತ, ಕಂದಾಯಗಳ ನಡುವೆ ಥಾಮಸರಿಗೆ ಗಾಳದ ಹುಚ್ಚು. ‘ದ ರಾಡ್ ಇನ್ ಇಂಡಿಯಾ’ ಎಂಬ ಅವರ ಪುಸ್ತಕ 1873ರಲ್ಲಿ ಮೊದಲು ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನಲ್ಲಿ. ಕಿಟೆಲ್ ನಿಘಂಟು ಹೊರಬರಲು ಇನ್ನೂ ಎರಡು ದಶಕ ಇತ್ತು. ಆಮೇಲೆ ಅದು ಲಂಡನ್ನಿನಲ್ಲಿ ಮರುಮುದ್ರಣವಾಗಿ, ಭಾರತಕ್ಕೆ ಬರುವ ಗಾಳಗಾರ ದೊರೆಗಳ ಕೈಪಿಡಿಯೇ ಆಯಿತು. ಅದರಲ್ಲಿ ಥಾಮಸ್ ಹೂಡಿದ ವಾದ ಸ್ಕಾಟ್ಲೆಂಡಿನವರನ್ನು ಕೆಣಕುವಂಥದು: ಸರಿಸಮ ತೂಕದ ಸಾಲ್ಮನ್ನನ್ನೂ ಮಹಶೀರನ್ನೂ ಗಾಳಕ್ಕೆ ಹಾಕಿ ನೋಡಿ, ಜಗ್ಗಾಟದಲ್ಲಿ ಗೆಲ್ಲುವುದು ಮಹಶೀರೇ.

ಮಹಶೀರ್ ಎಂಬುದು ಪುಸ್ತಕದೊಳಗಿನ ಹೆಸರು. ತುಳುವಿನಲ್ಲಿ ಅದು ಪೆರುವೋಳು. ಕಾವೇರಿ ಕಡೆಯಲ್ಲಿ ಬಿಳಿಮೀನು ಅನ್ನುತ್ತಾರೆ. ದೇವಸ್ಥಾನದ ಎದುರು ಕಂಡರೆ ಯಾವ ಭಾಷೆಯವರಿಗೂ ದೇವರ ಮೀನು.

ಸಾಲ್ಮನ್ನಿಗೂ ಇದಕ್ಕೂ ರಕ್ತಸಂಬಂಧವೇನಿಲ್ಲ. ಪೆರುವೋಳು ಕಾಟ್ಲಾ, ರೋಹುಗಳ ಬಳಗದ್ದು. ಬಾಯಲ್ಲಿ ಒಂದು ಹಲ್ಲೂ ಇಲ್ಲ. ದಪ್ಪ ತುಟಿಯನ್ನು ಕೊಳವೆಯ ಹಾಗೆ ಮುಂದಕ್ಕೆ ಚಾಚಿ ಆಹಾರ ಎಳೆದುಕೊಂಡು, ಗಂಟಲಲ್ಲಿರುವ ಹಲ್ಲುಗಳಿಂದ ನುರಿಯುತ್ತದೆ. ಏಡಿ, ಹುಳು, ಸಣ್ಣ ಮೀನು, ಪಾಚಿ, ಹೊಳೆಗೆ ಬಾಗಿದ ಅತ್ತಿಮರದಿಂದ ಉದುರಿದ ಹಣ್ಣು, ಎಲ್ಲವೂ ಆದೀತು. ಕಾವೇರಿಯ ಗಾಳಗಾರರು ರಾಗಿಮುದ್ದೆಯ ಉಂಡೆ ಸಿಕ್ಕಿಸಿಯೇ ಇದನ್ನು ಹಿಡಿದದ್ದು. ಮೈಮೇಲೆ ಅಂಗೈಯಗಲದ ಹುರುಪೆ, ಬಂಗಾರ ಬಳಿದಂಥ ಹೊಳಪು. ಸೆಳವಿರುವ, ಗಾಳಿ ಬೆರೆತ, ತಿಳಿನೀರೇ ಬೇಕು. ಹಾಗಾಗಿ ಕಲ್ಲುಬಂಡೆಗಳ ಮಲೆಹೊಳೆ ಅದರ ತವರು. ಆ ಸೆಳವಿನಲ್ಲಿ ಹುಟ್ಟಿ ಬೆಳೆದದ್ದಕ್ಕೇ ಆ ಕಸುವು. ಜಾತಿಗಳ ಲೆಕ್ಕ ಮಾತ್ರ ಕಗ್ಗಂಟು. ಪುಣೆಯ ಹೊಳೆಗಳ ಮೀನನ್ನು ನೋಡಿ ಸೈಕ್ಸ್ 1839ರಲ್ಲಿ ವರ್ಣಿಸಿದ ‘ಖುದ್ರಿ’ ಒಂದು. ಪಶ್ಚಿಮಕ್ಕೆ ಹರಿಯುವ ಮಲೆತೊರೆಗಳಿಂದ ಜೆರ್ಡನ್ 1849ರಲ್ಲಿ ಹೆಸರಿಸಿದ ‘ಮಲಬಾರಿಕಸ್’ ಇನ್ನೊಂದು. ಯಾವ ಹೊಳೆಯದು ಯಾವುದು ಎಂದು ವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದಾರೆ. ಮೀನಿನ ಹೆಜ್ಜೆ ಹಿಡಿಯುವುದು ಅಷ್ಟು ಸುಲಭವಲ್ಲ.

ಸಾಲ್ಮನ್ನಿನ ಹಾಗೆಯೇ ಪೆರುವೋಳಿಗೂ ಪ್ರವಾಹದ ಎದುರು ಏರುವ ಗುಣ. ಜೂನಿನಲ್ಲಿ ಮಳೆ ಹಿಡಿದು ಕುಮಾರಪರ್ವತದಿಂದ ಕೆಂಪುನೀರು ಇಳಿದು ಬಂದ ಮೇಲೆ, ದೊಡ್ಡ ಮೀನುಗಳು ಗುಂಡಿ ಬಿಟ್ಟು ಮೇಲಿನ ತೊರೆಗಳಿಗೆ ಹತ್ತುತ್ತವೆ. ಜಲ್ಲಿಕಲ್ಲಿನ ಹಾಸಿನ ಮೇಲೆ ಮೊಟ್ಟೆಯಿಡುತ್ತವೆ. ಪೆಸಿಫಿಕ್ ಸಾಲ್ಮನ್ ಮೊಟ್ಟೆಯಿಟ್ಟು ಅಲ್ಲೇ ಪ್ರಾಣ ಬಿಡುತ್ತದೆ. ಪೆರುವೋಳು ನೀರು ಇಳಿಯುವಾಗ ತಾನೂ ಇಳಿದು ಮರಳಿ ಗುಂಡಿಗೆ ಬರುತ್ತದೆ, ವರ್ಷವರ್ಷವೂ ಹತ್ತುತ್ತದೆ. ಆದರೆ ರೋಹು, ಕಾಟ್ಲಾಗಳ ಹಾಗೆ ಲಕ್ಷಗಟ್ಟಲೆ ಮೊಟ್ಟೆ ಇಡುವುದಿಲ್ಲ, ಬೆಳವಣಿಗೆಯೂ ನಿಧಾನ. ಹೋದದ್ದು ತುಂಬಿಬರಲು ಬಹಳ ಕಾಲ ಬೇಕು.

ಹತ್ತುವ ಕಾಲವೇ ಅಪಾಯದ ಕಾಲವೂ. ಮೊದಲ ಮಳೆಗೆ ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಏರಿಬರುವ ಮೀನಿಗೆ ನಮ್ಮಲ್ಲಿ ಉಬರ್ ಮೀನು ಎನ್ನುತ್ತಾರೆ. ಮಲೆನಾಡಿನವರ ಹತ್ತುಮೀನು ಇದೇ. ರಾತ್ರಿ ಗ್ಯಾಸ್‌ಲೈಟು, ಟಾರ್ಚು, ಕತ್ತಿ, ಕುತ್ತರಿ ಹಿಡಿದು ಮಕ್ಕಳಿಂದ ಮುದುಕರವರೆಗೆ ಗದ್ದೆಗಿಳಿಯುತ್ತಿದ್ದರು. ಆ ಸಂಭ್ರಮವನ್ನು ಬೈಯಲಾರೆ, ನಾನೂ ಇಳಿದವನೇ. ಮುಗುಡು ಸಿಕ್ಕಿದ ರಾತ್ರಿಯ ಪುಳಿಮುಂಚಿಯ ರುಚಿ ಇನ್ನೂ ನಾಲಿಗೆಯಲ್ಲಿದೆ. ಆದರೆ ಹೊಟ್ಟೆ ತುಂಬ ಮೊಟ್ಟೆ ಹೊತ್ತು ಬಂದ ಮೀನನ್ನೇ ಕಡಿಯುತ್ತಿದ್ದೆವು ಎಂಬುದು ಆಗ ಯಾರಿಗೂ ಹೊಳೆದಿರಲಿಲ್ಲ.

ಇಷ್ಟಾದರೂ ಪೆರುವೋಳು ಉಳಿದದ್ದು ಹೇಗೆ? ತೊಡಿಕಾನಕ್ಕೆ ಹೋದರೆ ಗೊತ್ತಾಗುತ್ತದೆ. ಸುಳ್ಯದಿಂದ ಮಡಿಕೇರಿ ಹೆದ್ದಾರಿಯಲ್ಲಿ ಹೋಗಿ ಅರಂತೋಡಿನಲ್ಲಿ ಒಳಗೆ ತಿರುಗಿದರೆ ಕಾಡಿನಂಚಿನಲ್ಲಿ ಮಲ್ಲಿಕಾರ್ಜುನ ದೇವಸ್ಥಾನ. ಸಮೀಪದಲ್ಲೇ ಮತ್ಸ್ಯತೀರ್ಥ. ಒಂದು ಹಿಡಿ ಅಕ್ಕಿ ಎಸೆದರೆ ಕಪ್ಪುನೀರು ಕುದಿಯತೊಡಗುತ್ತದೆ. ಮೊಣಕೈಯುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತವೆ. ಮೈಮೇಲಿನ ಚರ್ಮರೋಗ ವಾಸಿಯಾಗಲೆಂದು ಹರಕೆ ಹೊತ್ತು ಅಕ್ಕಿ ಹಾಕಲು ಬರುವವರಿದ್ದಾರೆ. ಹಿಡಿದವರಿಲ್ಲ. ಹಿಡಿಯಬಾರದು ಎಂದು ಫಲಕ ನೋಡಿ ಕಲಿತದ್ದಲ್ಲ, ಅಜ್ಜಿಯ ಬಾಯಿಂದ ಕೇಳಿ ಬಂದದ್ದು. ಕುಕ್ಕೆ ಸುಬ್ರಹ್ಮಣ್ಯದ ಕುಮಾರಧಾರಾ ಸ್ನಾನಘಟ್ಟದಲ್ಲೂ ಹೀಗೆಯೇ. ಮುಳುಗಿ ಎದ್ದವರ ಕಾಲಿಗೆ ಮೀನು ಮುತ್ತಿಕ್ಕಿ ಹೋಗುತ್ತದೆ. ಏನೆಕಲ್ಲಿನಲ್ಲಿ, ಕಡಬ ಸೀಮೆಯ ನಾಕೂರು ಗಯದಲ್ಲಿ ಇಂಥದೇ ನೀರುಗಳಿವೆ. ಗಯ ಎಂದರೆ ಹೊಳೆಯ ಆಳದ ಮಡು. ಘಟ್ಟದ ಮೇಲೆ ಶೃಂಗೇರಿ, ತೀರ್ಥಹಳ್ಳಿ ಬಳಿಯ ಚಿಬ್ಬಲಗುಡ್ಡೆ, ಕಾವೇರಿ ತೀರದ ರಾಮನಾಥಪುರ, ಎಲ್ಲ ಕಡೆ ಒಂದೇ ಸೂತ್ರ: ದೇವಸ್ಥಾನ, ಅದರೆದುರು ಬೇಸಿಗೆಯಲ್ಲೂ ಬತ್ತದ ಗುಂಡಿ.

ಈ ಗುಂಡಿಯ ಲೆಕ್ಕಾಚಾರ ಮೆಚ್ಚುವಂಥದು. ಬೇಸಿಗೆಯಲ್ಲಿ ಹೊಳೆ ಸಣಕಲಾದಾಗ ದೊಡ್ಡ ಮೀನಿಗೆ ಉಳಿಯುವ ಜಾಗ ಆಳದ ಗುಂಡಿಯೊಂದೇ. ಹಿಡಿಯುವವನಿಗೂ ಅದೇ ಸುಲಭದ ಜಾಗ. ಸರಿಯಾಗಿ ಅಲ್ಲಿಯೇ ದೇವರನ್ನು ಕೂರಿಸಿದ್ದಾರೆ. ಮೊಟ್ಟೆಯಿಡುವ ತಾಯಿಮೀನುಗಳು ಬೇಸಿಗೆ ದಾಟಿಬಿಟ್ಟರೆ ಮಳೆಗಾಲದಲ್ಲಿ ಇಡೀ ಹೊಳೆಗೆ ಮರಿ ಹಂಚಬಲ್ಲವು. ಬ್ಯಾಂಕಿನ ಅಸಲು ಮುಟ್ಟದೆ ಬಡ್ಡಿ ತಿಂದ ಹಾಗೆ. ಕಟ್ಟಿದವರು ಹೀಗೆ ಯೋಚಿಸಿಯೇ ಕಟ್ಟಿದರು ಎಂದು ನಾನು ಹೇಳುವುದಿಲ್ಲ. ಭಕ್ತಿಯಿಂದ ಆದದ್ದಕ್ಕೆ ಈಗ ವಿಜ್ಞಾನದ ಬಣ್ಣ ಬಳಿಯುವ ಚಪಲ ನಮ್ಮಲ್ಲಿ ಹೆಚ್ಚು. ಆದರೆ ಫಲ ಕಣ್ಣೆದುರಿದೆ.

ಗುಂಡಿಯ ಗಡಿ ದಾಟಿದರೆ ಕತೆ ಬೇರೆ. ಹಿಂದೆ ಕಾರೆಕಾಯಿ ಜಜ್ಜಿ ನೀರಿಗೆ ಹಾಕಿ ಮೀನಿಗೆ ಅಮಲೇರಿಸುತ್ತಿದ್ದರು. ಅದರ ಕಸು ಸ್ವಲ್ಪ ದೂರಕ್ಕೆ ಮುಗಿಯುತ್ತಿತ್ತು. ಆಮೇಲೆ ತೋಟೆ ಬಂತು. ಒಂದು ತೋಟೆ ಸಿಡಿದರೆ ಬೇಕಾದ ನಾಲ್ಕು ಮೀನಿನ ಜೊತೆ ಆ ಮಡುವಿನ ಮರಿ, ಮೊಟ್ಟೆ, ಏಡಿ ಎಲ್ಲ ಸಾಯುತ್ತದೆ. ಎಷ್ಟೋ ಮೀನು ತೇಲುವುದೂ ಇಲ್ಲ, ತಳಕ್ಕೆ ಮುಳುಗಿ ಕೊಳೆಯುತ್ತದೆ. ಬ್ಲೀಚಿಂಗ್ ಪುಡಿ, ಮೈಲುತುತ್ತು ಸುರಿಯುವವರೂ ಇದ್ದಾರೆ. ಮೈಲುತುತ್ತು ನಮ್ಮೂರಿನ ಪ್ರತಿ ಅಡಿಕೆ ಬೆಳೆಗಾರನ ಕೊಟ್ಟಿಗೆಯಲ್ಲಿರುವ ವಸ್ತು. ಕೊಳೆರೋಗಕ್ಕೆ ಮದ್ದು ಬಿಡಬೇಕಾದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಅದು ಬೋರ್ಡೋ. ಅದರೊಳಗಿನ ತಾಮ್ರ ಶಿಲೀಂಧ್ರಕ್ಕೆ ಎಷ್ಟು ವಿಷವೋ ಮೀನಿಗೂ ಅಷ್ಟೇ ವಿಷ. ಮದ್ದು ಬಿಡುವುದೂ ಪೆರುವೋಳು ತೊರೆಗೆ ಹತ್ತುವುದೂ ಒಂದೇ ಮಳೆಗಾಲದಲ್ಲಿ. ಬ್ಯಾರೆಲ್ಲು ತೊಳೆದ ನೀರನ್ನು ತೋಡಿಗೆ ಬಿಡುವ ಮುನ್ನ ಇಷ್ಟು ನೆನಪಾದರೆ ಸಾಕು.

ಕಾನೂನು ಇಲ್ಲವೆಂದಲ್ಲ. ತೋಟೆಯಿಂದ, ವಿಷದಿಂದ ಮೀನು ಕೊಲ್ಲುವುದು ಅಪರಾಧ ಎಂದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಸಾರಿತ್ತು. ಆ ಕಾಯ್ದೆಗೂ ಮೊದಲೇ, 1870ರಲ್ಲಿ, ಸೌತ್ ಕೆನರಾದ ಮೀನುಸಾಕಣೆ ಕುರಿತು ವರದಿ ಬರೆದದ್ದು ಇದೇ ಥಾಮಸ್. ಅಂದರೆ ಈ ಜಿಲ್ಲೆಯ ಹೊಳೆಮೀನಿನ ಚಿಂತೆ ಸರಕಾರದ ಕಡತಕ್ಕೆ ಬಂದು ಒಂದೂವರೆ ಶತಮಾನ ಕಳೆದಿದೆ. ಕಡತ ಕಾಯಲಿಲ್ಲ. ದೇವರು ಕಾದದ್ದೂ ಎಲ್ಲ ಕಡೆ ಅಲ್ಲ. ಪಕ್ಕದ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಶಿಶಿಲೇಶ್ವರನ ಎದುರೇ ಹರಿಯುವ ಕಪಿಲೆಗೆ 1996ರಲ್ಲಿ ಯಾರೋ ವಿಷ ಹಾಕಿದರು. ದೇವರ ಮೀನುಗಳು ರಾಶಿ ರಾಶಿ ಸತ್ತು ತೇಲಿದವು. ಊರವರು ಅವುಗಳಿಗೊಂದು ಸ್ಮಾರಕ ಕಟ್ಟಿದರು, ಅದು ಈಗಲೂ ಅಲ್ಲಿದೆ. ಮತ್ತೆ ಮೀನು ತುಂಬಿದೆ, ಜನರೂ ಕಣ್ಣಿಟ್ಟಿದ್ದಾರೆ. ಮೀನಿಗೆ ಸ್ಮಾರಕ ಕಟ್ಟಿದ ಇನ್ನೊಂದು ಊರನ್ನು ನಾನು ಕಂಡಿಲ್ಲ.

‘ಹಿಡಿದು ಬಿಟ್ಟುಬಿಡುವ ಆಟವಾದರೆ ತಪ್ಪೇನು?’ ಎಂದು ಅಳಿಯ ಕೇಳಬಹುದು. ಕಾವೇರಿಯಲ್ಲಿ ಅದು ನಡೆದಿದೆ. ಆ ಸೀಮೆಯಲ್ಲಿ ಗಾಳದ ಆಟವೇ ಹಳೆಯದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತ್ತು. ಗಾಳದ ದಾಖಲೆಯಾಗಿ ಇಂದಿಗೂ ಅದನ್ನೇ ಹೇಳುತ್ತಾರೆ. ಆಮೇಲೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕಳಿಗಳಲ್ಲಿ ಗಾಳದ ಕ್ಯಾಂಪುಗಳಾಗಿ ವಿದೇಶದಿಂದ ಜನ ಬಂದರು. ಹಿಡಿದ ಮೀನನ್ನು ತೂಗಿ, ಫೋಟೊ ತೆಗೆದು ಬಿಟ್ಟುಬಿಡುವುದು ನಿಯಮ. ಹಿಂದೆ ಕದ್ದು ಹಿಡಿಯುತ್ತಿದ್ದವರೇ ಕಾವಲುಗಾರರಾದ ನಿದರ್ಶನಗಳೂ ಇದ್ದವು. ವನ್ಯಜೀವಿಧಾಮದೊಳಗೆ ಗಾಳವೂ ಬೇಟೆಯೇ ಎಂಬ ತಕರಾರಿನಿಂದ ಒಂದು ದಶಕಕ್ಕೂ ಹಿಂದೆ ಅದು ನಿಂತಿತು. ನಿಂತದ್ದು ಒಳ್ಳೆಯದಾಯಿತೇ ಎಂದರೆ, ಗಾಳಗಾರರು ಹೋದ ಮೇಲೆ ತೋಟೆಯವರಿಗೆ ಕಾವಲಿಲ್ಲದಂತಾಯಿತು ಎನ್ನುವವರ ಮಾತನ್ನು ನಾನು ತಳ್ಳಿಹಾಕಲಾರೆ.

ಆದರೆ ಅದೇ ಕಾವೇರಿ ಇನ್ನೊಂದು ಪಾಠವನ್ನೂ ಇಟ್ಟುಕೊಂಡಿದೆ. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು 1970ರ ದಶಕದಿಂದ ಖುದ್ರಿ ಮಹಶೀರಿನ ಮರಿ ಮಾಡಿ ದೇಶದ ಹಲವು ನದಿಗಳಿಗೆ ಹಂಚಿದರು. ಉದ್ದೇಶ ಒಳ್ಳೆಯದೇ. ಕಾವೇರಿಗೂ ಅವು ಬಂದವು, ಬೆಳೆದವು, ಹೆಚ್ಚಿದವು. ಕಾವೇರಿಗೇ ಸೇರಿದ, ಬೆನ್ನುಗೂನಿನ, ಕಿತ್ತಳೆ ರೆಕ್ಕೆಯ ಮಹಶೀರ್ ಮಾತ್ರ ಗಾಳಕ್ಕೆ ಸಿಗುವುದು ಅಪರೂಪವಾಗುತ್ತ ಹೋಯಿತು. ಅದಕ್ಕೆ ಶಾಸ್ತ್ರೀಯ ಹೆಸರು ಖಚಿತವಾದದ್ದೇ 2018ರಲ್ಲಿ. ಆ ವರ್ಷವೇ ಅದು ಅಳಿವಿನ ಅಂಚಿನ ಅತಿಗಂಭೀರ ಪಟ್ಟಿ ಸೇರಿತು. ನಾಮಕರಣದ ದಿನವೇ ಐಸಿಯು ಸೇರಿದ ಹಾಗೆ. ಹೊಳೆಗೆ ಮರಿ ಬಿಡುವ ಸಮಾರಂಭದ ಫೋಟೊ ನೋಡಿದಾಗಲೆಲ್ಲ ಇದು ನೆನಪಾಗುತ್ತದೆ. ಯಾವ ಜಾತಿ, ಯಾವ ಹೊಳೆಯದು ಎಂದು ನೋಡದೆ ಬಿಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾದರೂ ಪರವಾಗಿಲ್ಲ, ಅದಕ್ಕಿಂತ ಕೇಡಾದೀತು.

ನಮ್ಮ ಹೊಳೆಗೆ ಬೇಕಾದದ್ದು ಮರಿಯಲ್ಲ, ದಾರಿ. ಸುಬ್ರಹ್ಮಣ್ಯದಿಂದ ಉಪ್ಪಿನಂಗಡಿಯ ಸಂಗಮದವರೆಗೆ ಕುಮಾರಧಾರೆ ಎಷ್ಟೋ ಹಳ್ಳ, ತೋಡುಗಳನ್ನು ಸೇರಿಸಿಕೊಳ್ಳುತ್ತದೆ. ಮೊದಲು ಅಡಿಕೆ ತೋಟದವರು ಮಳೆಗಾಲ ಮುಗಿದ ಮೇಲೆ ಕಲ್ಲು, ಮಣ್ಣು, ಸೊಪ್ಪಿನಿಂದ ಕಟ್ಟ ಕಟ್ಟುತ್ತಿದ್ದರು. ಮುಂದಿನ ಮಳೆಗೆ ಅದು ಕೊಚ್ಚಿಹೋಗಿ ಮೀನಿಗೆ ದಾರಿ ತಾನಾಗಿ ತೆರೆಯುತ್ತಿತ್ತು. ಈಗ ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳ ಕಾಲ. ನೀರು ನಿಲ್ಲಿಸಲು ಅವು ಬೇಕು, ಅಂತರ್ಜಲಕ್ಕೂ ಒಳ್ಳೆಯದು, ನನ್ನ ತಕರಾರಿಲ್ಲ. ಆದರೆ ಕಿಂಡಿಗಳಿಗೆ ಹಾಕಿದ ಹಲಗೆ ತೆಗೆಯುವುದು ತಡವಾದರೆ, ಮೊದಲ ನೆರೆಗೆ ಹತ್ತಿಬಂದ ಮೀನು ಗೋಡೆಗೆ ತಲೆ ಚಚ್ಚಿಕೊಳ್ಳುತ್ತದೆ. ಕೆಳಗೆ ಕಾದು ನಿಂತವರ ಬಲೆಗೆ ಅದಕ್ಕಿಂತ ಸುಲಭದ ತುತ್ತು ಇಲ್ಲ. ಮೇ ತಿಂಗಳ ಕೊನೆಯೊಳಗೆ ಹಲಗೆ ತೆಗೆಯಲು ಖರ್ಚಿಲ್ಲ, ಒಂದು ದಿನದ ಕೆಲಸ. ದೇವರ ಗುಂಡಿಯೊಂದೇ ಹೊಳೆಯಾಗುವುದಿಲ್ಲ. ಮೇಲಿನ ತೊರೆ ಮುಚ್ಚಿದರೆ ಅದು ಮುದಿಮೀನುಗಳ ಆಶ್ರಮವಾಗುತ್ತದೆ.

ಭಕ್ತರ ಬಗ್ಗೆ ಎರಡು ಮಾತು. ಕುಮಾರಧಾರೆಯಲ್ಲಿ ಮಿಂದು ಉಟ್ಟ ಬಟ್ಟೆಯನ್ನು ಹೊಳೆಯಲ್ಲೇ ಬಿಟ್ಟು ಬಂದರೆ ಪಾಪ ಹೋಗುತ್ತದೆ ಎಂದು ಯಾರು ಹಬ್ಬಿಸಿದರೋ ತಿಳಿಯದು. ಬಂಡೆಯ ಸಂದಿಗೆ ಸಿಕ್ಕಿದ ಸೀರೆ, ಪಂಚೆಗಳನ್ನು ಎಳೆದು ತೆಗೆಯುವುದು ಸ್ವಯಂಸೇವಕರಿಗೆ ಮುಗಿಯದ ಕೆಲಸ. ಸೋಪು, ಶಾಂಪೂ ಪೊಟ್ಟಣ, ಮಂಡಕ್ಕಿ ತಂದ ಪ್ಲಾಸ್ಟಿಕ್ ತೊಟ್ಟೆ ಎಲ್ಲವೂ ಹೋಗುವುದು ಅದೇ ಮೀನಿನ ಮನೆಗೆ.

ಅಳಿಯನಿಗೆ ಈಗ ಪೂರ್ತಿ ಉತ್ತರ ಬರೆದಿದ್ದೇನೆ. ಡಿಸೆಂಬರಿನಲ್ಲಿ ಊರಿಗೆ ಬರುತ್ತಾನಂತೆ. ಚಂಪಾಷಷ್ಠಿಯ ಗದ್ದಲ ಮುಗಿದ ಮೇಲೆ ತೊಡಿಕಾನಕ್ಕೆ ಕರೆದುಕೊಂಡು ಹೋಗುತ್ತೇನೆ. ನೀವೂ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ನೀರು ತಿಳಿಯಾಗಿರುತ್ತದೆ. ಅಕ್ಕಿಯನ್ನು ಬಟ್ಟೆಚೀಲದಲ್ಲಿ ಒಯ್ಯಿರಿ, ಒಂದು ಹಿಡಿ ಸಾಕು. ಸೋಪು ಮನೆಯಲ್ಲೇ ಇರಲಿ.